ಹೊಳಿಯಪ್ಪನ ಅಂಗಳಕ್ಕೆ ಬಂದ ವಿಮಾನದ ಕುರ್ಚಿ

ಆ ಕೊಳವೆಯೊಳಗೆ ಏನಿದೆ?

ಅಕ್ಕಿ ಆರಿಸುವಾಗಲೂ ಅದೇ ಯೋಚನೆ, ಮಗಳ ತಲೆ ಬಾಚುವಾಗಲೂ ಅದೇ. ಹುಬ್ಬಳ್ಳಿಯ ತವರಿನಿಂದ ಮುನಿರಾಬಾದಿಗೆ ಮರಳಿ ಒಂಬತ್ತು ದಿನವಾಗಿತ್ತು. ಒಂಬತ್ತು ದಿನವೂ ಈ ಒಂದು ಪ್ರಶ್ನೆ ದಾನೇಶ್ವರಿಯ ತಲೆಯೊಳಗೆ ದುಂಬಿಯ ಹಾಗೆ ಗುಂಯ್‌ಗುಡುತ್ತಲೇ ಇತ್ತು. ಅಡುಗೆಮನೆಯ ಕಿಟಕಿಯಿಂದ ನೋಡಿದರೆ ಎದುರಿಗೇ ಬೇವಿನ ಮರ, ಮರದ ಕೆಳಗೆ ಆ ಕುರ್ಚಿ. ಆಳೆತ್ತರದ ಲೋಹದ ಕುರ್ಚಿ. ಅದಕ್ಕೆ ಅಡಿಯಿಂದ ಮುಡಿಯವರೆಗೆ ಬುಲ್ಡೋಜರಿನ ಹಳದಿ ಬಣ್ಣ. ಬೆನ್ನಿಗೆ ತೋಳಿನಷ್ಟು ದಪ್ಪದ ಒಂದು ಕೊಳವೆ, ಎರಡೂ ತುದಿ ಬಂದ್. ಕೂತವರ ಕಾಲುಗಳ ನಡುವೆ ಬರುವಂತೆ ಒಂದು ಬಳೆಯಾಕಾರದ ಹಿಡಿಕೆ. ಆ ಹಿಡಿಕೆಯನ್ನು ಎರಡೂ ಕೈಯಲ್ಲಿ ಹಿಡಿದು, ಕಾಲು ತೂಗಾಡಿಸುತ್ತ, ಬಾಯಲ್ಲಿ ವಿಮಾನದ ಸಪ್ಪಳ ಮಾಡುತ್ತ ಕೂತವಳು ಅವಳ ಮಗಳು ದ್ರಾಕ್ಷಾಯಿಣಿ. ಮನೆಯವರ ಬಾಯಲ್ಲಿ ದ್ರಾಕ್ಷಿ. ನಾಲ್ಕು ತುಂಬಿ ಐದಕ್ಕೆ ಬಿದ್ದಿತ್ತು.

ಕುರ್ಚಿ ಬಂದಾಗ ದಾನೇಶ್ವರಿ ಊರಲ್ಲಿರಲಿಲ್ಲ. ತಮ್ಮನ ಮದುವೆಗೆಂದು ತವರಿಗೆ ಹೋದವಳು ತಿಂಗಳು ಬಿಟ್ಟು ಬಂದು ನೋಡಿದರೆ, ಮಾವನ ಗೆಳೆಯ ದುರುಗಪ್ಪ ಯಾವುದೋ ಗುಜರಿ ಗೋದಾಮಿನಿಂದ ಇದನ್ನು ಟಂಟಂ ಗಾಡಿಯಲ್ಲಿ ಹೇರಿಕೊಂಡು ಬಂದು ಇಳಿಸಿದ್ದ. ನಿವೃತ್ತಿಯಾದ ಯುದ್ಧವಿಮಾನದ ಕುರ್ಚಿಯಂತೆ. ಅವಳು ಬರುವಷ್ಟರಲ್ಲಿ ಬಣ್ಣವೂ ಆಗಿತ್ತು, ಅಮಾವಾಸ್ಯೆಗೆ ನಿಂಬೆಹಣ್ಣು ಕಟ್ಟಿ ಕುಂಕುಮ ಹಚ್ಚಿದ ಪೂಜೆಯೂ ಆಗಿತ್ತು.

ಬಂದ ದಿನವೇ ಕೇಳಿದ್ದಳು: "ಮಾವಾರ, ಹಿಂದಿನ ಕೊಳವಿಯೊಳಗ ಏನೈತ್ರಿ?"

"ಏನಿರತೈತವ್ವ, ಗಾಳಿ," ಎಂದಿದ್ದ ಹೊಳಿಯಪ್ಪ. "ನಿನಗ ಅಂಜಾಕ ಇನ್ನ ಏನೂ ಸಿಗಲಿಲ್ಲೇನು?"

ಅಲ್ಲಿಗೆ ಅವಳ ಬಾಯಿ ಕಟ್ಟಿಹೋಯಿತು. ಯಾಕೆಂದರೆ ಅಂಜುವುದರಲ್ಲಿ ಅವಳಿಗೆ ಆ ಓಣಿಯಲ್ಲಿ ಹೆಸರಿತ್ತು. ನೀರು ಎರಡು ಸಲ ಕಾಯಿಸಬೇಕು, ಮಗುವಿನ ಚಪ್ಪಲಿಯನ್ನು ಚೇಳು ಹೊಕ್ಕಿದೆಯೇ ಎಂದು ಝಾಡಿಸಬೇಕು, ಕಾಲುವೆಯ ಕಡೆ ಮಗು ಮುಖ ಮಾಡಿದರೂ ಕೂಗಬೇಕು. ಹೋದ ವರ್ಷ ದ್ರಾಕ್ಷಿ ಹುಣಸೆಬೀಜ ನುಂಗಿದಳೆಂದು ಇವಳು ಆಂಬ್ಯುಲೆನ್ಸ್ ಕರೆಸಿದ್ದಳು. ಗಾಡಿ ಕೂಗುತ್ತ ಬಂದು ನಿಂತಾಗ ಇಡೀ ಓಣಿ ಹೊರಗೆ ಬಂದು ನಿಂತಿತ್ತು, ಮಗು ಕಟ್ಟೆಯ ಮೇಲೆ ಕೂತು ಎರಡನೆಯ ಬೀಜ ಚೀಪುತ್ತಿತ್ತು. ಅಂದಿನಿಂದ ಅವಳು ಏನೇ ಹೇಳಲಿ, ಯಾರಾದರೊಬ್ಬರು "ಗಾಡಿ ಕರಸ್ಲೇನವಾ?" ಎನ್ನುತ್ತಿದ್ದರು. ಕಾಲುವೆಯ ಮೇಲೆ ನೀರಿನ ಮಟ್ಟ ಬರೆದುಕೊಳ್ಳುವ ಕೆಲಸದಲ್ಲಿದ್ದ ಗಂಡ ಹನುಮೇಶನೂ ಅದೇ ಮಾತು ಹೇಳಿ ನಕ್ಕು ಸೈಕಲ್ ಮೋಟರ್ ಹತ್ತಿ ಹೋಗುತ್ತಿದ್ದ.

ಮಾವನ ಮಾತನ್ನು ತಳ್ಳಿಹಾಕುವುದು ಯಾರಿಗೂ ಸುಲಭವಿರಲಿಲ್ಲ. ಯಂತ್ರದ ವಿಷಯದಲ್ಲಿ ಹೊಳಿಯಪ್ಪ ಹೇಳಿದ್ದೇ ಹೇಳಿದ್ದು.

ಹದಿನೇಳನೆಯ ವಯಸ್ಸಿಗೆ ಡ್ಯಾಮಿನ ವರ್ಕ್‌ಶಾಪಿಗೆ ದಿನಗೂಲಿ ಖಲಾಸಿಯಾಗಿ ಸೇರಿದವನು ಅವನು. ಅಪ್ಪ ಅವ್ವ ಕಂಡವರ ಹೊಲದಲ್ಲಿ ಕಳೆ ಕೀಳುತ್ತಿದ್ದರು. ಇವನಿಗೆ ಮೊದಲ ಎರಡು ವರ್ಷ ಸಿಕ್ಕ ಕೆಲಸ ಸ್ಪ್ಯಾನರ್ ಒರೆಸಿಡುವುದು, ಆಪರೇಟರನಿಗೆ ಚಹಾ ತರುವುದು. ಒಂದು ಮಧ್ಯಾಹ್ನ ಎಲ್ಲರೂ ಊಟಕ್ಕೆ ಕೂತಾಗ ನಿಂತ ಬುಲ್ಡೋಜರಿನ ಹತ್ತಿರ ಹೋಗಿ, ಅದು ಚಾಲೂ ಇದ್ದಾಗ ಕೇಳಿದ್ದ ಸಪ್ಪಳದ ಮೇಲಿಂದಲೇ, ಎಡಗಡೆಯ ಮೂರನೆಯ ರೋಲರ್ ಹೋಗಿದೆ ಎಂದು ಸೀಮೆಸುಣ್ಣದಲ್ಲಿ ಗುರುತು ಹಾಕಿಟ್ಟನಂತೆ. ಬಿಚ್ಚಿ ನೋಡಿದರೆ ಅದೇ ಹೋಗಿತ್ತು. ಆಮೇಲೆ ಅವನನ್ನು ಚಹಾಕ್ಕೆ ಯಾರೂ ಕಳಿಸಲಿಲ್ಲ. ಆಪರೇಟರ್ ಆದ, ಗಂಗಾವತಿ ಕಡೆಯ ಕಾಲುವೆಗಳ ಎಷ್ಟೋ ಮೈಲಿ ಏರಿಯನ್ನು ಕೂಡಿಸಿದ, ಮೂವತ್ತೆಂಟು ವರ್ಷ ಆ ಹಳದಿ ಬಣ್ಣದ ಮೇಲೆಯೇ ಕೂತು ಇಳಿದ.

ಅವನ ಒಂದು ಪದ್ಧತಿ ಆ ವರ್ಕ್‌ಶಾಪಿನ ಎಲ್ಲರಿಗೂ ಗೊತ್ತು. ತುಕ್ಕು ಹಿಡಿದು ಕಚ್ಚಿಕೊಂಡ ನಟ್ಟಿಗೆ ಅವನು ಸುತ್ತಿಗೆ ಹಾಕುತ್ತಿರಲಿಲ್ಲ. ಡೀಸೆಲ್ಲಿಗೆ ಒಂದಿಷ್ಟು ಎಣ್ಣೆ ಬೆರೆಸಿ, ಕೋಳಿಪುಕ್ಕದಲ್ಲಿ ಅದ್ದಿ, ದಿನಾ ಸಂಜೆ ಎರಡು ಹನಿ ಕುಡಿಸುತ್ತಿದ್ದ. "ಹೊಡದ್ರ ಮುರೀತೈತಿ, ಕುಡಿಸಿದ್ರ ತಾನ ಬರತೈತಿ," ಎನ್ನುತ್ತಿದ್ದ. ಎಂಟು ದಿನವೋ ಇಪ್ಪತ್ತು ದಿನವೋ, ಕೊನೆಗೆ ಅದು ಬೆರಳಲ್ಲೇ ತಿರುಗುತ್ತಿತ್ತು.

ಇನ್ನು ಗೆಳೆಯರು. ಮುನವ್ವರಸಾಬ ಗಂಗಾವತಿಯಲ್ಲಿ ಸಣ್ಣ ಕಾರುಗಳ ಮಿಸ್ತ್ರಿ. ದುರುಗಪ್ಪ ಬೀದರಿನ ವಾಯುನೆಲೆಯಲ್ಲಿ ಇಪ್ಪತ್ತು ವರ್ಷ ಇದ್ದು ಬಂದವನು, ಊರವರ ಬಾಯಲ್ಲಿ ಏರ್‌ಫೋರ್ಸ್ ದುರುಗಪ್ಪ. ಐತವಾರ ಬಂತೆಂದರೆ ಮೂವರೂ ಬೇವಿನ ಕೆಳಗೆ ಹಾಜರ್. ಹೊಳಿಯಪ್ಪನಿಗೆ ಎಡಗಿವಿ ಕೇಳುತ್ತಿರಲಿಲ್ಲ, ಹಾಗಾಗಿ ಇಬ್ಬರೂ ಅವನ ಬಲಕ್ಕೇ ಸಾಲಾಗಿ ಕೂರುತ್ತಿದ್ದರು, ಬಸ್ಸಿಗೆ ಕಾದವರ ಹಾಗೆ.

"ಎಂಟನೂರು ಮಾರುತಿ ಅಂದ್ರ ಗಾಡಿ ಅಲ್ಲಣ್ಣ, ಮನಿ ಮಗಳಿದ್ದಂಗ," ಎನ್ನುತ್ತಿದ್ದ ಮುನವ್ವರ. "ಕೆಸರಾಗ ಸಿಕ್ರ ನಾಕ ಮಂದಿ ಎತ್ತಿ ಆಚಿಗೆ ಇಡಬಹುದು. ನಿನ್ನ ಡೋಜರ್ ಎತ್ತು, ನೋಡೋಣು."

"ಅದನ್ನ ಯಾಕ ಎತ್ತಬೇಕೋ ಸಾಬ? ನನ್ನ ಡೋಜರ್ ಆ ಕೆಸರನ್ನ ಎತ್ತಿ ಆಚಿಗೆ ಇಡತಿತ್ತು."

"ಇಬ್ರೂ ನೆಲಾ ಕೆರಕೋಂತ ಕುಂದರ್ರಿ," ಎಂದು ದುರುಗಪ್ಪ ಮೀಸೆ ತೀಡುತ್ತಿದ್ದ. "ಮಿಗ್ ಹೋತಂದ್ರ ಮೊದಲ ವಿಮಾನ ಕಾಣತಿತ್ತು. ಅದು ಹೋದಮ್ಯಾಲ ಸಪ್ಪಳ ಬರತಿತ್ತು."

"ನಮ್ಮ ಹುಲಗಮ್ಮಂದು ಉಲ್ಟಾ ನೋಡು. ಮೊದಲ ಸಪ್ಪಳ, ಆಮ್ಯಾಲ ಚಾ," ಎನ್ನುತ್ತಿದ್ದ ಹೊಳಿಯಪ್ಪ.

"ಇವತ್ತ ಸಪ್ಪಳ ಅಷ್ಟ ಐತಿ, ಚಾ ಇಲ್ಲ!" ಎಂದು ಒಳಗಿಂದ ಅತ್ತೆ ಹುಲಗಮ್ಮ ಕೂಗುತ್ತಿದ್ದಳು. ಮೂವರೂ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು.

ಈ ನಗೆಯಲ್ಲೇ ಹುಟ್ಟಿದ್ದು ಮೂವರೂ ಕೂಡಿ ಒಂದು ಗಾಡಿ ಕಟ್ಟುವ ಯೋಚನೆ. ಮುನವ್ವರನ ಗ್ಯಾರೇಜಿನಲ್ಲಿ ಗುಜರಿಗೆ ಬಿದ್ದಿದ್ದ ಎಂಟುನೂರರ ಚಾಸಿ, ಬರೀ ಅಡಿಚೌಕಟ್ಟು, ಅದಕ್ಕೆ ಸ್ಟೀರಿಂಗ್ ಬದಲು ಬುಲ್ಡೋಜರಿನ ಎರಡು ಲಿವರ್, ಕೂರಲಿಕ್ಕೆ ವಿಮಾನದ ಕುರ್ಚಿ. ಕಾರು, ಡೋಜರ್, ವಿಮಾನ, ಮೂವರದೂ ಪಾಲು. ಮೊದಲ ಸವಾರಿ ದ್ರಾಕ್ಷಿಯದು ಎಂದು ಮೂವರೂ ಕೈ ಮೇಲೆ ಕೈ ಹಾಕಿಯಾಗಿತ್ತು.

ಆ ಐತವಾರ ಬೆಳಿಗ್ಗೆ ಚಾಸಿ ಬಂತು. ಅದರ ಹಿಂದೆ ಗ್ಯಾಸ್ ವೆಲ್ಡಿಂಗಿನ ಸಿಲಿಂಡರೂ ಬಂತು. ಕುರ್ಚಿಯ ಬೆನ್ನಿಗೆ, ಆ ಕೊಳವೆಯ ಬುಡದಲ್ಲೇ, ಎರಡು ಪಟ್ಟಿ ಬೆಸೆದು ಚಾಸಿಗೆ ಕೂಡಿಸುವುದೆಂದು ತೀರ್ಮಾನ. ಬೆಸೆಯುವ ಜಾಗದಲ್ಲಿ ಬಣ್ಣ ಇರಬಾರದೆಂದು ಹೊಳಿಯಪ್ಪ ಕೂತು ಉಜ್ಜುಕಾಗದದಿಂದ ತಿಕ್ಕುತ್ತಿದ್ದ. ಮುನವ್ವರ ಪೈಪು ಜೋಡಿಸುತ್ತಿದ್ದ. ದುರುಗಪ್ಪ ಕೈ ಕಟ್ಟಿಕೊಂಡು ಸಲಹೆ ಕೊಡುತ್ತಿದ್ದ. ದ್ರಾಕ್ಷಿ ಕುರ್ಚಿಯ ಮೇಲೆ.

ದಾನೇಶ್ವರಿ ಚಹಾದ ತಟ್ಟೆ ಹಿಡಿದು ಹೊರಗೆ ಬಂದಳು. ಮಾವ ತಿಕ್ಕಿದಲ್ಲಿ ಹಳದಿಯ ಅಡಿಯಿಂದ ಕೆಂಪು ಕಾಣುತ್ತಿತ್ತು. ಕೆಂಪು ತ್ರಿಕೋನದ ಒಂದು ಮೂಲೆ, ಅದರ ಪಕ್ಕಕ್ಕೆ ಮೂರು ಸಾಲು ಸಣ್ಣ ಅಕ್ಷರ. ಇಂಗ್ಲಿಷ್ ಇದ್ದಂತಿತ್ತು, ಇಂಗ್ಲಿಷ್ ಅಲ್ಲ. ಕೆಲವು ಅಕ್ಷರ ತಿರುವಿ ಬರೆದಂತಿದ್ದವು.

"ಇದೇನ್ರಿ ಮಾವಾರ?"

"ಕಂಪನಿ ಮಾರ್ಕ್ ಇರಬೇಕವ್ವ. ಹಿಂಗ ನಾಕೈದು ಇದ್ದುವು. ಎಲ್ಲಾ ಬಣ್ಣ ಹೊಡದ ಮುಚ್ಚೀನಿ. ಮನಿಗೆ ಬಂದ ಮಷೀನಿಗೆ ಮೊದಲ ನಮ್ಮ ಹಳದಿ ಬೀಳಬೇಕು, ನಮ್ಮ ವರ್ಕ್‌ಶಾಪಿನ ಪದ್ಧತಿ ಅದು."

ಅವಳು ತಟ್ಟೆಯನ್ನು ನೆಲಕ್ಕಿಟ್ಟು ಮೊಬೈಲ್ ತೆಗೆದಳು. ಯಾವ ಭಾಷೆಯ ಬರಹವನ್ನಾದರೂ ಕ್ಯಾಮೆರಾಕ್ಕೆ ತೋರಿಸಿದರೆ ಕನ್ನಡ ಮಾಡಿ ತೋರಿಸುವ ಸೌಕರ್ಯ ಅದರಲ್ಲಿತ್ತು. ಔಷಧಿ ಡಬ್ಬಿಗಳ ಮೇಲಿನ ಸಣ್ಣಕ್ಷರ ಓದಲೆಂದೇ ಹಾಕಿಸಿಕೊಂಡಿದ್ದಳು. ಮುನವ್ವರ ಆಗಲೇ ನಕ್ಕ: "ಗಾಡಿ ಕರಸ್ತೀಯೇನವಾ ಬೇಟಿ?"

ಪರದೆಯ ಮೇಲಿನ ಅಕ್ಷರಗಳು ಒಂದು ಕ್ಷಣ ನಡುಗಿದವು. ಆಮೇಲೆ ರಷ್ಯದ ಸಾಲುಗಳು ಹೋಗಿ, ಅದೇ ಕೆಂಪಿನಲ್ಲಿ, ಒರಟೊರಟು ಕನ್ನಡ ನಿಂತಿತು.

ಅಪಾಯ. ಮದ್ದು ತುಂಬಿದೆ. ಪಿನ್ ಹಾಕದೆ ಹಿಡಿಕೆ ಮುಟ್ಟಬೇಡಿ.

ಮೊದಲ ಸಲ ಓದಿದಾಗ ಅವಳಿಗೆ ಏನೂ ಆಗಲಿಲ್ಲ. ಎರಡನೆಯ ಸಲ ಓದಿದಾಗ ಕಿವಿಯೊಳಗೆ ನೀರು ತುಂಬಿದಂತಾಯಿತು. ಕೂಗಬೇಕೆಂದು ಬಾಯಿ ತೆರೆದಳು, ದನಿ ಬರಲಿಲ್ಲ. ಚೇಳಿಗೆ ಕೂಗಿದ್ದಳು, ಹುಣಸೆಬೀಜಕ್ಕೆ ಕೂಗಿದ್ದಳು. ಈಗ ಮೊಬೈಲನ್ನು ಮಾವನ ಮುಖದ ಮುಂದೆ ಹಿಡಿದಳು, ಅಷ್ಟೇ.

ಹೊಳಿಯಪ್ಪ ನಾಲ್ಕನೆಯ ಇಯತ್ತೆ ಓದಿದವನು. ಒಂದೊಂದೇ ಅಕ್ಷರ ಕೂಡಿಸಿ ತುಟಿ ಅಲ್ಲಾಡಿಸುತ್ತ ಓದಿದ. "ಮದ್ದು" ಎಂಬಲ್ಲಿ ತುಟಿ ನಿಂತಿತು.

"ಅಜ್ಜಾ, ನೋಡಿಲ್ಲೆ," ಎಂದಳು ಮೇಲಿಂದ ದ್ರಾಕ್ಷಿ. "ಹಿಡಿಕಿ ಇನ್ನೊಂಚೂರು ಬಂತು!"

ಹೊಳಿಯಪ್ಪನ ಮುಖದ ರಕ್ತ ಇಳಿದುಹೋದದ್ದು ದಾನೇಶ್ವರಿಗೆ ಕಣ್ಣಾರೆ ಕಂಡಿತು. ಆದರೆ ದನಿ ಬದಲಾಗಲಿಲ್ಲ. ಮಲಗಿದ ಮಗುವಿನ ಪಕ್ಕ ಮಾತಾಡುವ ದನಿಯಲ್ಲಿ ಹೇಳಿದ: "ಹೌದೇನವ್ವ? ಶಾಣ್ಯಾಕಿ ನೀನು. ಈಗ ಎರಡೂ ಕೈ ಮ್ಯಾಲ ಎತ್ತು. ಹಂಗ. ಚಪ್ಪಾಳಿ ತಟ್ಟು ನೋಡೋಣು. ಇನ್ನೊಮ್ಮಿ. ತಟ್ಟಕೋಂತನ ಇರು."

ಮಗು ಚಪ್ಪಾಳೆ ತಟ್ಟುತ್ತಿದ್ದಂತೆ ಅವನು ಹಿಂದಿನಿಂದ ಎರಡೂ ಕಂಕುಳಿಗೆ ಕೈಹಾಕಿ, ಕಾಲು ಹಿಡಿಕೆಗೆ ತಾಗದಂತೆ ನೆಟ್ಟಗೆ ಮೇಲಕ್ಕೆತ್ತಿದ. ಸೊಸೆಯ ತೋಳಿಗೆ ಕೊಟ್ಟ. ದಾನೇಶ್ವರಿ ಮಗಳನ್ನು ಅವಚಿಕೊಂಡವಳು ಗೇಟಿನಾಚೆ ರಸ್ತೆಯ ಪಕ್ಕದ ಮೋಟುಗೋಡೆಯವರೆಗೆ ಹಿಂತಿರುಗಿ ನೋಡದೆ ನಡೆದಳು. ಮಗಳು ಇನ್ನೂ ಚಪ್ಪಾಳೆ ತಟ್ಟುತ್ತಲೇ ಇದ್ದಳು.

ಹೊಳಿಯಪ್ಪ ಹುಲಗಮ್ಮನನ್ನು ಒಳಗಿಂದ ಕೈಹಿಡಿದು ಕರೆತಂದ. ಅವಳು ಕೈಯಲ್ಲಿ ರೊಟ್ಟಿಹಿಟ್ಟು ಮೆತ್ತಿಕೊಂಡೇ ಬಂದಳು. ಮುನವ್ವರ ಸಿಲಿಂಡರಿನ ಬಾಯಿ ಬಿಗಿದು ಉರುಳಿಸಿಕೊಂಡು ಆಚೆ ಬಂದ. ದುರುಗಪ್ಪನೂ ಬಂದ, ಮಗು ಸೇರಿ ಆರೂ ಮಂದಿ ಗೋಡೆಯ ಈಚೆ ನಿಂತರು.

"ಪಿನ್ ಎಲ್ಲೈತ್ರಿ ಮಾವಾರ?" ಎಂದು ದಾನೇಶ್ವರಿ ಕೇಳಿದಳು.

ಹೊಳಿಯಪ್ಪ ತನ್ನ ಬೆರಳುಗಳನ್ನು ನೋಡಿಕೊಂಡ. "ಒಂದು ಕಡ್ಡಿ ಇತ್ತು. ತುದಿಗೆ ಕೆಂಪು ಬಟ್ಟಿ. ಹಿಡಿಕಿ ಜಾಮ್ ಆಗಿತ್ತಲ್ಲ, ಈ ಕಡ್ಡಿ ಅಡ್ಡ ಬಂದೈತಿ ಅಂತ ತಗದೆ. ಸೀಮಿಎಣ್ಣಿ ಡಬ್ಬಿಯೊಳಗ ಹಾಕಿಟ್ಟೀನಿ." ಬೆರಳಿಗೆ ಅಂಟಿದ ಹಳದಿ ಪುಡಿಯನ್ನು ಪಂಚೆಗೆ ಒರೆಸಿಕೊಂಡ. "ಕೂಸು ಎಳದ್ರ ಬರಲಿ, ಆಡಾಕ ಛಲೋ ಆಗತೈತಿ ಅಂತ... ದಿನಾ ಸಂಜಿಗೆ ಎರಡ ಹನಿ ಕುಡಿಸೀನಿ. ಇಪ್ಪತ್ತ ದಿನ ಆತು. ಒಂದಿಂಚು ಬಂದಿತ್ತು."

ಹುಲಗಮ್ಮ ಹಿಟ್ಟಿನ ಕೈಯನ್ನು ಬಾಯಿಗೆ ಅಡ್ಡ ಹಿಡಿದಳು.

"ದುರುಗಪ್ಪ," ಎಂದ ಹೊಳಿಯಪ್ಪ. ತಿರುಗಿ ನೋಡಲಿಲ್ಲ. "ನೀ ನೋಡೀನಿ ಅಂದಿದ್ದಿ. ಖಾಲಿ ಐತಿ ಅಂದಿದ್ದಿ. ಒಬ್ಬ ಫಿಟ್ಟರ್ ನೋಡೀನಿ ಅಂದಮ್ಯಾಲ ಇನ್ನೊಬ್ಬ ಅದಕ್ಕ ಸ್ಪ್ಯಾನರ್ ಹಚ್ಚಬಾರದು. ಅದಕ್ಕ ನಾ ಕೇಳಲಿಲ್ಲ."

ದುರುಗಪ್ಪ ಗೋಡೆಗೆ ಬೆನ್ನು ಕೊಟ್ಟು ಕುಕ್ಕರಿಸಿಬಿಟ್ಟಿದ್ದ.

"ಅಣ್ಣಾ, ನಾ ಫಿಟ್ಟರ್ ಅಲ್ಲ."

"ಏನಂದಿ?"

ದುರುಗಪ್ಪ ಎದ್ದು ಅವನ ಬಲಗಿವಿಯ ಕಡೆಗೆ ಬಂದು ಮತ್ತೆ ಹೇಳಬೇಕಾಯಿತು. "ನಾ ವಿಮಾನಕ್ಕ ಕೈ ಹಚ್ಚಿದಾಂವ ಅಲ್ಲಣ್ಣ. ಮೆಸ್ಸಿನಾಗ ಚಪಾತಿ ಮಾಡತಿದ್ದೆ. ಇಪ್ಪತ್ತ ವರ್ಷ ಅದ ಕೆಲಸ. ಊಟಕ್ಕ ಬಂದವ್ರು ಮಾತಾಡತಿದ್ರು, ಬಡಸ್ಕೋಂತ ಕೇಳತಿದ್ದೆ. ವಿಮಾನ ಬೀಳೋ ಮುಂದ ಹಿಡಿಕಿ ಎಳದ್ರ ಮದ್ದು ಹಾರಿ ಪೈಲಟ್‌ನ ಕುರ್ಚಿ ಸಮೇತ ಮ್ಯಾಲ ಒಗೀತೈತಿ ಅನ್ನೋದೂ ಅಲ್ಲೇ ಕೇಳಿದ್ದು. ಊರಿಗೆ ಬಂದಮ್ಯಾಲ ಮಂದಿ ಏರ್‌ಫೋರ್ಸ್ ದುರುಗಪ್ಪ ಅಂದ್ರು. ನಾ ಅಲ್ಲ ಅನ್ನಲಿಲ್ಲ. ಗುಜರಿಯಾಂವ ಖಾಲಿ ಐತಿ ಅಂದ, ನಾನೂ ಹಂಗ ಅಂದೆ."

ಮುನವ್ವರ ತಲೆಯ ಮೇಲಿನ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ. "ಯಾ ಅಲ್ಲಾ," ಎಂದ, ಅದೂ ಪಿಸುಮಾತಿನಲ್ಲಿ. ಮಿಗ್ ಎಷ್ಟು ಸೆಕೆಂಡಿಗೆ ಮೇಲೇರುತ್ತದೆ, ಹಂಟರ್ ವಿಮಾನ ಹೇಗೆ ಇಳಿಯುತ್ತದೆ, ಕಿರಣ್ ವಿಮಾನ ಯಾರಿಗೆ ಕಲಿಸಲಿಕ್ಕೆ, ಹನ್ನೊಂದು ವರ್ಷದ ಐತವಾರಗಳು. ಎಲ್ಲವೂ ಚಪಾತಿ ಬಡಿಸುತ್ತ ಕೇಳಿದ್ದು.

ಆದರೆ ಹೊಳಿಯಪ್ಪ ಬೈಯಲಿಲ್ಲ. ದಾನೇಶ್ವರಿ ಕಾದಳು, ಅವನು ಈಗ ಹೊಡೆದೇ ಬಿಡುತ್ತಾನೆ ಎಂದುಕೊಂಡಳು. ಅವನು ತನ್ನ ಕೇಳದ ಕಿವಿಯನ್ನು ಮುಟ್ಟಿಕೊಂಡು, ಗೋಡೆಯಾಚೆಯ ಹಳದಿ ಕುರ್ಚಿಯನ್ನೇ ನೋಡುತ್ತ ಹೇಳಿದ: "ಕಾಲುವಿಗೆ ಬಂಡಿಗಲ್ಲು ಒಡಿಯೋ ಮುಂದ ಹಿಂಗ ಮದ್ದು ತುಂಬಿದ ಒಂದು ತೂತು ಹಾರದ ಉಳಿದಿತ್ತು. ಮದ್ದು ಸತ್ತೈತಿ ಅಂದ್ರು. ನನ್ನ ಗುರು ಕೊಟ್ರೇಶಪ್ಪ ಡೋಜರ್ ತಗೊಂಡು ಅದರ ಮ್ಯಾಲ ಹೋದ. ಡೋಜರಿನ ತುಂಡು ಸಿಕ್ಕುವು. ಕೊಟ್ರೇಶಪ್ಪನ್ನ ನಾವು ಟವಲ್ಲಿನಾಗ ಕಟಗೊಂಡು ಬಂದ್ವಿ. ಮದ್ದು ಸಾಯಂಗಿಲ್ಲ. ಅದು ನನಗ ಗೊತ್ತಿತ್ತು. ಇಲ್ಲಿರೋ ಎಲ್ಲಾರಿಗಿಂತ ನನಗ ಗೊತ್ತಿತ್ತು."

ಆ ಕಿವಿ ಹುಟ್ಟಿನಿಂದಲೇ ಕೇಳದ್ದೆಂದು ದಾನೇಶ್ವರಿ ಆರು ವರ್ಷದಿಂದ ತಿಳಿದಿದ್ದಳು.

ಅವಳು ಮೊಬೈಲ್ ಎತ್ತಿದ್ದು ಕಂಡು ದುರುಗಪ್ಪನ ಮುಖ ಸಣ್ಣದಾಯಿತು. "ಪೊಲೀಸ್ರಿಗೆ ಮಾಡಬ್ಯಾಡ ತಂಗಿ. ಯಾರ ತಂದ್ರು ಅಂತ ಕೇಳತಾರ. ಎಲ್ಲಿ ಸಿಕ್ತು ಅಂತ ಕೇಳತಾರ. ನೀ ಯಾವ ಕೆಲಸದಾಗ ಇದ್ದಿ ಅಂತ ಕೇಳತಾರ. ಊರಾಗ ನಾ ಹೆಂಗ ತಿರಗ್ಲಿ?"

"ಫೋನ್ ಬ್ಯಾಡವ್ವ," ಎಂದ ಹೊಳಿಯಪ್ಪನೂ. ಅವಳು ಆ ಮನೆಗೆ ಬಂದಾಗಿನಿಂದ ಮಾವ ಬೇಡಿಕೊಂಡದ್ದು ಇದೇ ಮೊದಲು. "ನನ್ನ ಕೈಯಿಂದ ಆಗಿದ್ದು, ನಾನ ಸರಿ ಮಾಡತೀನಿ. ಪಿನ್ ಹೊಳ್ಳಿ ಹಾಕತೀನಿ. ಉದ್ದನ ಹಗ್ಗ ಕಟ್ಟಿ ಮೆಲ್ಲಕ ಎಳಕೊಂಡ ಹೋಗಿ ಹೊಳಿಗೆ ನೂಕಿ ಬರತೀನಿ. ದುರುಗಪ್ಪಂದೂ ಮಾನ ಉಳೀತೈತಿ."

"ಒಂದಿಂಚು ಬಂದೈತಿ ಅಂದ್ರಲ್ರಿ. ಪಿನ್ ಈಗ ಹೆಂಗ ಕುಂದರತೈತಿ?"

ಪಿನ್ ಕೂರುವುದಿಲ್ಲವೆಂದು ಹೊಳಿಯಪ್ಪನಿಗೇ ಎಲ್ಲರಿಗಿಂತ ಚೆನ್ನಾಗಿ ಗೊತ್ತಿತ್ತು. ಪಂಚೆ ಎತ್ತಿ ಕಟ್ಟಿ, ಚಾಸಿ ಹೇರಿ ತಂದಿದ್ದ ಮುನವ್ವರನ ಗಾಡಿಯಲ್ಲಿದ್ದ ಹಗ್ಗವನ್ನು ಹೆಗಲಿಗೆ ಹಾಕಿಕೊಂಡು ಗೇಟು ತೆಗೆದ. ಹುಲಗಮ್ಮ ಅವನ ಅಂಗಿ ಹಿಡಿದಳು. ಅವನು ಬಿಡಿಸಿಕೊಂಡ. ಅಂಗಳದಲ್ಲಿ ಅವನ ನಡಿಗೆ ಕೆಲಸಕ್ಕೆ ಹೊರಟವನ ನಡಿಗೆಯೇ ಆಗಿತ್ತು, ನಿಧಾನ, ಎಡವದೆ.

ದಾನೇಶ್ವರಿ ಅದನ್ನು ನೋಡುತ್ತ ನಿಂತಳು. ತಪ್ಪಾಗಿದ್ದರೆ? ಕೊಳವೆ ನಿಜಕ್ಕೂ ಖಾಲಿಯಾಗಿದ್ದರೆ? ಓಣಿ ಮತ್ತೆ ಹೊರಗೆ ಬಂದು ನಿಲ್ಲುತ್ತದೆ, ಈ ಸಲ ಪೊಲೀಸರ ಗಾಡಿ ನೋಡಲಿಕ್ಕೆ. ಒಬ್ಬ ಮುದುಕನ ಹೆಸರು ಕೆಡುತ್ತದೆ, ಇನ್ನೊಬ್ಬನಿಗೆ ಸ್ಟೇಷನ್ ಕಟ್ಟೆ ಹತ್ತುವ ಗತಿ ಬರುತ್ತದೆ. ಇವಳ ಮೇಲೆ ಸಾಯುವವರೆಗೂ ನಗೆ. ಹನುಮೇಶನಿಗೆ ಕೇಳಿ ಮಾಡೋಣವೇ? ಅವನು ಕಾಲುವೆಯ ಮೇಲಿದ್ದಾನೆ, ಸಿಗ್ನಲ್ ಇಲ್ಲದ ಜಾಗ.

ಹೊಳಿಯಪ್ಪ ಬೇವಿನ ನೆರಳಿಗೆ ಮುಟ್ಟಿದ. ಹಗ್ಗದ ತುದಿಗೆ ಕುಣಿಕೆ ಹಾಕತೊಡಗಿದ.

ಅವಳು ಮಗಳನ್ನು ಅತ್ತೆಯ ಸೊಂಟಕ್ಕೆ ದಾಟಿಸಿದಳು. ಒಂದು, ಒಂದು, ಎರಡು ಒತ್ತಿದಳು.

"ಮಾವಾರ!" ಎಂದು ಅವನ ಬಲಗಿವಿಗೆ ಮುಟ್ಟುವಂತೆ ಗೋಡೆಯ ಆ ತುದಿಗೆ ಓಡಿ ಕೂಗಿದಳು. "ಹಗ್ಗ ಕೆಳಗಿಡ್ರಿ! ಪೊಲೀಸ್ರಿಗೆ ಫೋನ್ ಹತ್ತೈತ್ರಿ!"

ಹೊಳಿಯಪ್ಪ ಕುಣಿಕೆ ಹಿಡಿದಲ್ಲೇ ನಿಂತ.

ಆ ಕಡೆಯಿಂದ ಹೆಣ್ಣುದನಿ ಏನಾಗಿದೆ ಎಂದು ಕೇಳಿತು. ದಾನೇಶ್ವರಿ ಹೇಳಿದಳು. ತನ್ನ ದನಿ ಇಷ್ಟು ಸಮಾಧಾನವಾಗಿ ಎಲ್ಲಿಂದ ಬರುತ್ತಿದೆ ಎಂದು ಅವಳಿಗೇ ತಿಳಿಯಲಿಲ್ಲ. ಯುದ್ಧವಿಮಾನದ ಕುರ್ಚಿ, ಬೆನ್ನಿಗೆ ಮದ್ದಿನ ಕೊಳವೆ, ಪಿನ್ ತೆಗೆದಿದೆ, ಹಿಡಿಕೆ ಒಂದಿಂಚು ಸರಿದಿದೆ. ಡ್ಯಾಮ್ ಕಾಲೋನಿಯ ಹಿಂದಿನ ಓಣಿ, ಬೇವಿನ ಮರದ ಮನೆ.

"ಹತ್ರ ಯಾರಾದ್ರೂ ಇದಾರಾ ಮೇಡಂ?"

ಅಂಗಳದಲ್ಲಿ ಹೊಳಿಯಪ್ಪ ಹಗ್ಗವನ್ನು ಮೆತ್ತಗೆ, ಸಪ್ಪಳವಾಗದಂತೆ, ನೆಲಕ್ಕಿಟ್ಟ. ಕುರ್ಚಿಗೆ ಬೆನ್ನು ತೋರಿಸದೆ ಒಂದೊಂದೇ ಹೆಜ್ಜೆ ಹಿಂದಕ್ಕೆ ಬರತೊಡಗಿದ.

"ಒಬ್ರು ಇದ್ರು. ಹೊರಗ ಬರಾಕತ್ಯಾರ್ರಿ."

"ಅಕ್ಕಪಕ್ಕದ ಮನೆಯವರನ್ನೂ ದೂರ ಕಳಿಸಿ. ಬಾಂಬ್ ದಳಕ್ಕೆ ತಿಳಿಸ್ತಿದೀವಿ. ಲೈನಲ್ಲೇ ಇರಿ. ಅದನ್ನ ಮನೆಗೆ ತಂದವರು ಯಾರು?"

ದುರುಗಪ್ಪ ಗೋಡೆಯ ಬುಡದಿಂದ ತಲೆ ಎತ್ತಿ ಅವಳನ್ನೇ ನೋಡುತ್ತಿದ್ದ.

"ಅದನ್ನ ನೀವು ಇಲ್ಲಿಗೆ ಬಂದಮ್ಯಾಲ ತಂದವ್ರ ಹೇಳ್ತಾರ್ರಿ," ಎಂದಳು ದಾನೇಶ್ವರಿ. "ಮೊದಲ ಮಂದಿ ಕಳಸ್ರಿ."